ವಾಪಸು ತೆಗೆದುಕೊಂಡ ಸಾಕ್ಷಿ

ಅಲ್ಲ, ಅದಕ್ಕೇ ನಾನು ಹೇಳಿದ್ದು, ನನಗೆ ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲ, ಕ್ಷಮಿಸ್ಬೇಕು. ಹೇಳ್ಲಿಕ್ಕೇ ಬಾರದವ ಈಗ ಬರೀಲಿಕ್ಕೆ ಕೂತಿದ್ದೇನೆ, ಇನ್ನು ನೋಡಿ. ಇಷ್ಟು ವರ್ಷದಲ್ಲಿ ನಾನು ಬರೆದದ್ದು ಅಂದ್ರೆ ಊರಿಗೆ ಕಾಗದ, ಆಫೀಸಿಗೆ ರಜೆಯ ಅರ್ಜಿ, ಅಷ್ಟೇ. ವೆರಾಂಡದಲ್ಲಿ ಮೊಮ್ಮಕ್ಕಳು ಇಬ್ಬರೂ ಪಕ್ಕದಲ್ಲೇ ಕೂತಿದ್ದಾರೆ, ಅವ್ರಿಗೆ ಹೇಳ್ತಾ ಹೇಳ್ತಾ ಬರೀತೇನೆ, ಹಾಗಾಗಿ ಮಾತು ಮುಂದೆ ಹೋಗ್ತದೆ, ಪೆನ್ನು ಹಿಂದೆ ಉಳೀತದೆ. ಹೇಳಿದ್ದನ್ನೇ ಹೇಳಿದ್ರೆ ನೀವು ಅದನ್ನು ಬಿಟ್ಟು ಮುಂದೆ ಓದಿ. ದೊಡ್ಡವಳು ರೀನಾ, ಎಂಟನೇ ಕ್ಲಾಸು. ಸಣ್ಣವ ಜೋಯೆಲ್, ಮೂರನೇದು. ಇಬ್ಬರಿಗೂ ಕನ್ನಡ ಅರ್ಥ ಆಗ್ತದೆ, ಮಾತಾಡುವಾಗ ಮಾತ್ರ ಹಿಂದಿ ಸ್ವಲ್ಪ, ಇಂಗ್ಲಿಷ್ ಸ್ವಲ್ಪ, ಜಗಳಕ್ಕೆ ಬಂಗಾಳಿ. ಮೊನ್ನೆ ಭಾನುವಾರ ಆರಾಧನೆ ಮುಗಿಸಿ ಆಟೋದಲ್ಲಿ ಬರುವಾಗ ರೀನಾ ಕೇಳಿದ್ದು, "ಅಜ್ಜಾ, ಎಲ್ಲರೂ ಎದ್ದು ಸಾಕ್ಷಿ ಹೇಳ್ತಾರೆ, ನೀನು ಮಾತ್ರ ನೆವರ್. ನಿಂಗೆ ದೇವ್ರು ಏನೂ ಮಾಡ್ಲಿಲ್ವಾ?" ಅಂತ. ಆಟೋದಲ್ಲಿ ಉತ್ತರ ಕೊಡುವ ವಿಷಯ ಅಲ್ಲ ಅದು. ಅದಕ್ಕೆ ಈಗ ಹೇಳುದು.

ಸಾಕ್ಷಿ ಅಂದ್ರೆ ಕೋರ್ಟಿನ ಸಾಕ್ಷಿ ಅಲ್ಲ, ಅದನ್ನು ಮೊದ್ಲು ಹೇಳ್ತೇನೆ, ನಮ್ಮ ಸಭೆಯವರಲ್ಲದ ಯಾರಾದ್ರೂ ಓದಿದ್ರೆ ಗೊತ್ತಾಗ್ಬೇಕಲ್ಲ. ಸಭೆ ಅಂದ್ರೂ ಮೀಟಿಂಗ್ ಅಲ್ಲ, ಒಟ್ಟು ಸೇರಿ ದೇವರನ್ನು ಆರಾಧಿಸುವ ಕ್ರೈಸ್ತರ ಗುಂಪು, ಅದು ಸಭೆ. ಅಲ್ಲಿ ಪ್ರಸಂಗಕ್ಕೆ, ಅಂದ್ರೆ ಬೋಧನೆಗೆ, ಮೊದ್ಲು ಸ್ವಲ್ಪ ಹೊತ್ತು ಬಿಡ್ತಾರೆ, ದೇವರು ತನಗೆ ಮಾಡಿದ ಉಪಕಾರ ಎಂತದು ಅಂತ ಯಾರು ಬೇಕಾದ್ರೂ ಎದ್ದು ಹೇಳ್ಬಹುದು. ಪರೀಕ್ಷೆ ಪಾಸಾಯ್ತು, ಬೆನ್ನುನೋವು ಹೋಯ್ತು, ಕಳೆದ ಕೊಡೆ ಸಿಕ್ಕಿತು, ಎಂತದೂ ಆಗ್ಬಹುದು. ಅದು ಸಾಕ್ಷಿ. ನಾನು ನನ್ನ ಜೀವಮಾನದಲ್ಲಿ ಎರಡೇ ಸಲ ಎದ್ದದ್ದು. ಎರಡನೇ ಸಲ ಎದ್ದದ್ದು ಮೊದಲನೇದನ್ನು ವಾಪಸು ತೆಗೆದುಕೊಳ್ಳಿಕ್ಕೆ.

"ಸಾಕ್ಷಿ ರಿಟರ್ನ್ ಮಾಡ್ಬಹುದಾ ಅಜ್ಜಾ?" ಅಂತ ಜೋಯೆಲ್ ಕೇಳ್ತಾನೆ. ಕೇಳು ಮಾರಾಯ, ಹೇಳ್ತೇನೆ.

ನಿಮ್ಮಮ್ಮನಿಗೆ ಕಿವಿ ಕೇಳುದಿಲ್ಲ. ನಿಮ್ಮಮ್ಮ ಅಂದ್ರೆ ನನ್ನ ಮಗಳು ಶಾಲಿನಿ, ಓದುವವರಿಗೆ ಹೇಳಿದೆ. ಅದು ನಿಮಗೆ ಗೊತ್ತುಂಟು, ನೀವು ಹುಟ್ಟಿದಾಗಿನಿಂದ ಅವಳ ಹತ್ರ ಕೈಯಲ್ಲೇ ಮಾತಾಡುದು, ನಿಮಗೆ ಅದು ವಿಶೇಷವೇ ಅಲ್ಲ. ಆದ್ರೆ ಹುಟ್ಟುವಾಗ ಅವಳಿಗೆ ಕೇಳ್ತಿತ್ತು. ಕಿವಿ ಹೋದ ಕಾಲಕ್ಕೆ ನಾವು ಈ ಸಾಲ್ಟ್ ಲೇಕಿನ ಫ್ಲ್ಯಾಟಿನಲ್ಲಿ ಅಲ್ಲ, ಖಿದಿರ್‌ಪುರದಲ್ಲಿ, ಡಾಕಿನ, ಅಂದ್ರೆ ಹಡಗುಕಟ್ಟೆಯ, ಗೋಡೆಗೆ ತಾಗಿದ ಕ್ವಾರ್ಟರ್ಸಿನಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ, ನಳ್ಳಿ ಹೊರಗೆ. ನಾನು ಮಂಗಳೂರು ಬಿಟ್ಟು ಬಂಗಾಳಕ್ಕೆ ಬಂದು ಹತ್ತು ವರ್ಷ ಆಗಿತ್ತು, ಅಲ್ಲ, ಹನ್ನೊಂದು. ಡಾಕಿನಲ್ಲಿ ಕ್ರೇನ್ ನಡೆಸುವ ಕೆಲಸ. ನಡೆಸುದು ಅಂದ್ರೆ ಅದು ಬಸ್ಸಿನ ಹಾಗೆ ರಸ್ತೆಯಲ್ಲಿ ಹೋಗುದಲ್ಲ. ಮೇಲೆ, ಮೂರು ಮಾಳಿಗೆ ಎತ್ತರದಲ್ಲಿ ಒಂದು ತಗಡಿನ ಡಬ್ಬಿ ಉಂಟು, ಅದ್ರಲ್ಲಿ ಕೂತು ಹಡಗಿನ ಹೊಟ್ಟೆಯಿಂದ ಸಾಮಾನು ಎತ್ತಿ ದಡಕ್ಕೆ ಇಡುದು. ಹಡಗಿನ ಹೊಟ್ಟೆ ಒಳಗೆ ಎಂತ ಉಂಟು ಅಂತ ಮೇಲೆ ಕೂತವನಿಗೆ ಕಾಣುದಿಲ್ಲ. ಕೂಗಿ ಹೇಳಿದ್ರೆ ಕೇಳುದೂ ಇಲ್ಲ, ಯಂತ್ರದ ಗಲಾಟೆ ಅಷ್ಟುಂಟು. ಹಾಗಾಗಿ ಹಡಗಿನ ಅಂಚಿನಲ್ಲಿ ಒಬ್ಬ ನಿಂತು ನನಗೆ ಕೈಸನ್ನೆ ಮಾಡ್ತಾನೆ. ಬೆರಳು ಮೇಲೆ ಮಾಡಿ ತಿರುಗಿಸಿದ್ರೆ ಎತ್ತು, ಕೆಳಗೆ ಮಾಡಿ ತಿರುಗಿಸಿದ್ರೆ ಇಳಿಸು, ಅಂಗೈ ಅಡ್ಡ ಹಿಡಿದ್ರೆ ನಿಲ್ಲಿಸು. ನನಗೆ ಸನ್ನೆ ಮಾಡ್ತಿದ್ದವ ಇಸ್ಮಾಯಿಲ್ ಭಾಯಿ, ಬಿಹಾರದವ, ನನಗಿಂತ ಹತ್ತು ವರ್ಷ ದೊಡ್ಡವ. ಅವನ ಕೈ ನೋಡಿಯೇ ನಾನು ಅಷ್ಟು ವರ್ಷ ಕೆಲಸ ಮಾಡಿದ್ದು. ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದ್ರೆ ಮುಂದೆ ಬೇಕಾಗ್ತದೆ. ನನ್ನ ತಲೆಗೆ ಮಾತ್ರ ಅದು ಆಗ ಹೊಳೆಯಲೇ ಇಲ್ಲ.

ಶಾಲಿನಿಗೆ ಐದು ತುಂಬಿ ಆರು ನಡೀತಾ ಇತ್ತು. ಮಳೆಗಾಲದಲ್ಲಿ ಜ್ವರ ಬಂತು. ಸಾಧಾರಣ ಜ್ವರ ಅಲ್ಲ, ತಲೆಗೆ ಏರುವ ಜ್ವರ. ಎರಡು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿ. ಜೀವ ಉಳಿಯುದೇ ಕಷ್ಟ ಅಂದಿದ್ರು, ಉಳಿಯಿತು. ಮನೆಗೆ ಕರ್ಕೊಂಡು ಬಂದ್ವಿ. ಸುಗುಣ, ಅಂದ್ರೆ ನಿಮ್ಮಜ್ಜಿ, ಗಂಜಿ ಮಾಡಿ ಕೊಟ್ಟಳು, ಮಗು ಉಂಡಿತು, ನಮಗೆ ಸ್ವರ್ಗವೇ ಸಿಕ್ಕಿದ ಹಾಗೆ. ಆಗ ಮಗು ನನ್ನ ಮುಖ ನೋಡಿ ಕೇಳಿತು, "ಪಪ್ಪಾ, ನೀವೆಲ್ಲ ಎಂತಕ್ಕೆ ಗುಟ್ಟು ಮಾತಾಡುದು? ನನಗೂ ಹೇಳಿ."

ನಾನು ನಕ್ಕೆ. ಹೌದು, ನಕ್ಕೆ ನಾನು, ನನಗೆ ಅರ್ಥ ಆಗ್ಲಿಲ್ಲ. ಅರ್ಥ ಆದದ್ದು ಸುಗುಣನಿಗೆ. ಅವಳ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಮಗು ನಾವು ಬಾಯಿ ಆಡಿಸುದು ನೋಡ್ತಾ ಇತ್ತು, ಸ್ವರ ಮಾತ್ರ ಕೇಳ್ತಾ ಇರ್ಲಿಲ್ಲ, ಹಾಗಾಗಿ ಅದಕ್ಕೆ ತೋರಿದ್ದು ಅಪ್ಪ ಅಮ್ಮ ಇಬ್ಬರೂ ತನ್ನಿಂದ ಎಂತದೋ ಮುಚ್ಚಿಡ್ತಾ ಇದ್ದಾರೆ ಅಂತ.

ಪುನಃ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಕಿವಿಯ ಡಾಕ್ಟ್ರು ಒಬ್ಬರು ವಯಸ್ಸಾದ ಬಂಗಾಳಿ ಹೆಂಗಸು, ಸೀರೆ ಮೇಲೆ ಬಿಳಿ ಕೋಟು. ಅವ್ರು ಸುತ್ತಿಬಳಸಿ ಹೇಳ್ಲಿಲ್ಲ. "ನರ ಹೋಗಿದೆ, ಮದ್ದಿಲ್ಲ. ಆದ್ರೆ ಇವಳ ಬಾಯಲ್ಲಿ ಈಗ ಮಾತು ಉಂಟು. ತನ್ನ ಕಿವಿಗೆ ಬೀಳದ ಮಾತು ಹೆಚ್ಚು ದಿನ ಬಾಯಲ್ಲಿ ನಿಲ್ಲುದಿಲ್ಲ, ಒಂದೊಂದೇ ಉದುರ್ತದೆ. ಕಿವುಡ ಮಕ್ಕಳ ಶಾಲೆ ಉಂಟು, ಅಲ್ಲಿ ತುಟಿ ನೋಡಿ ಮಾತು ಹಿಡಿದಿಟ್ಕೊಳ್ಳಿಕ್ಕೆ ಕಲಿಸ್ತಾರೆ. ತಡ ಮಾಡ್ಬೇಡಿ" ಅಂದ್ರು. ಅವ್ರೇ ಚೀಟಿ ಬರೆದು ಕೊಟ್ರು. ಶಾಲೆಯಿಂದ ಉತ್ತರ ಬಂತು, ದಸರೆಯ ಪೂಜೆಯ ರಜೆ ಮುಗಿದ ಮೇಲಿನ ಮೊದಲ ಸೋಮವಾರ ಮಗುವನ್ನು ಕರ್ಕೊಂಡು ಬನ್ನಿ, ಒಂದೇ ಜಾಗ ಉಂಟು, ಬಾರದಿದ್ರೆ ಇನ್ನು ಮುಂದಿನ ವರ್ಷ, ಅಂತ.

ಇಷ್ಟು ಕೇಳಿದ ಮೇಲೆ ಯಾರಾದ್ರೂ ಎಂತ ಮಾಡ್ತಾರೆ? ಶಾಲೆಗೆ ಕರ್ಕೊಂಡು ಹೋಗ್ತಾರೆ. ನಾನು ಪ್ರಾರ್ಥನೆಗೆ ಕೂತೆ. ಪ್ರಾರ್ಥನೆ ತಪ್ಪು ಅಂತ ಹೇಳುದಲ್ಲ, ತಿಳ್ಕೊಳ್ಳಿ. ನಾನು ಈಗ್ಲೂ ದಿನಾ ಮಾಡ್ತೇನೆ. ಆದ್ರೆ ಆಗ ನಾನು ದೇವರ ಹತ್ರ ಕೂತದ್ದು ಹಟ ಹಿಡಿದ ಮಗುವಿನ ಹಾಗೆ. ಶುಕ್ರವಾರ ಉಪವಾಸ. ಮೇಲೆ ಆ ತಗಡಿನ ಡಬ್ಬಿಯಲ್ಲಿ ಕ್ರೇನಿನ ಕೊಕ್ಕೆ ಮೇಲೆ ಬರುವಾಗ ಒಂದು ಪ್ರಾರ್ಥನೆ, ಕೆಳಗೆ ಹೋಗುವಾಗ ಒಂದು. ಈ ಕಡೆ ಮನೆಯಲ್ಲಿ ಡಾಕ್ಟ್ರು ಹೇಳಿದ್ದೇ ಆಗ್ತಾ ಇತ್ತು. ಗುಬ್ಬಚ್ಚಿ ಅನ್ನುವ ಮಾತು ಮೊದ್ಲು ಹೋಯ್ತು. ಕಿಟಕಿಯಲ್ಲಿ ಗುಬ್ಬಚ್ಚಿ ಬಂದ್ರೆ ಮಗು "ಗು, ಗು" ಅಂತ ತಡಕಾಡ್ಲಿಕ್ಕೆ ಶುರು ಮಾಡಿತು. ಆಮೇಲೆ ಸಕ್ಕರೆ ಹೋಯ್ತು, ಡಬ್ಬಿಗೆ ಕೈ ತೋರಿಸುದು. ಸುಗುಣ ಮಗುವಿನ ಎದುರಿಗೇ ಕೂತು, ಗಲ್ಲ ಹಿಡಿದು, "ಸ-ಕ್ಕ-ರೆ, ಸ-ಕ್ಕ-ರೆ" ಅಂತ ತುಟಿ ಅಗಲ ಮಾಡಿ ಹೇಳುದು, ಒಲೆ ಮೇಲೆ ಸಾರು ಉಕ್ಕಿ ಹೋಗ್ತಾ ಇರುದು.

ಹಾಂ, ಈಗ ಮುಖ್ಯ ವಿಷಯ. ಒಂದು ಶನಿವಾರ, ಮಧ್ಯಾಹ್ನ ಊಟ ಆಗಿತ್ತು. ಶಾಲಿನಿ ಕಿಟಕಿ ಹತ್ರ ಮಂಚದ ಮೇಲೆ ಕೂತು, ಒಂದು ಕೈಯಲ್ಲಿ ಕಿಟಕಿಯ ಕಬ್ಬಿಣದ ಸರಳು ಹಿಡ್ಕೊಂಡು, ನನ್ನ ಕಡೆ ಮುಖ ಮಾಡಿ ಇನ್ನೊಂದ್ರಲ್ಲಿ ಗೊಂಬೆ ಆಡಿಸ್ತಾ ಇದ್ದಳು. ಹೊರಗೆ ಡಾಕಿನಲ್ಲಿ ಒಂದು ಹಡಗು ಹೊರಟಿತು, ಉದ್ದಕ್ಕೆ ಹಾರ್ನ್ ಹಾಕಿತು. ಹಡಗಿನ ಹಾರ್ನ್ ಅಂದ್ರೆ ಬಸ್ಸಿನದ್ದಲ್ಲ, ಎದೆಯೊಳಗೆ ಬಂದು ಕೂರುವ ಸ್ವರ ಅದು. ಮಗು ತಟ್ಟನೆ ಕಿಟಕಿ ಕಡೆ ತಿರುಗಿ, ಮುಖ ಅರಳಿಸಿ ನಕ್ಕಿತು!

ನಾನು ನೋಡಿದೆ. ನನ್ನ ಎರಡು ಕಣ್ಣಲ್ಲಿ ನೋಡಿದೆ. ಅಲ್ಲೇ ಮೊಣಕಾಲೂರಿ ಬಿದ್ದೆ. "ಸುಗುಣಾ! ಬಾ ಇಲ್ಲಿ! ಮಗುವಿಗೆ ಕೇಳಿತು!" ಅವಳು ನಳ್ಳಿಯ ಹತ್ತಿರದಿಂದ ಒದ್ದೆ ಕೈಯಲ್ಲೇ ಓಡಿ ಬಂದಳು. ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಹಿಂದಿನಿಂದ ಒಂದು ಚಪ್ಪಾಳೆ ತಟ್ಟಿ ನೋಡುವಾ ಅಲ್ವಾ?" ಅಂದಳು.

"ಬೇಡ! ಮುಟ್ಬೇಡ! ದೇವರು ಕೊಟ್ಟದ್ದನ್ನು ಪರೀಕ್ಷೆ ಮಾಡುದಾ?"

ನೋಡಿ, ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ದೇವರನ್ನು ಪರೀಕ್ಷೆ ಮಾಡ್ಬಾರ್ದು ಅಂತ ಸಣ್ಣದ್ರಲ್ಲಿ ಭಾನುವಾರದ ಶಾಲೆಯಲ್ಲಿ ಕಲಿತದ್ದು ನಾವು. ಅದು ಒಳ್ಳೆಯ ಪಾಠವೇ. ಆದ್ರೆ ನಾನು ಅದನ್ನು ಎಲ್ಲಿ ಬಳಸಿದ್ದು ನೋಡಿ. ಮಗುವಿನ ಹಿಂದೆ ಒಂದು ಚಪ್ಪಾಳೆ ತಟ್ಟಿದ್ರೆ ಸತ್ಯ ಗೊತ್ತಾಗ್ತಿತ್ತು, ಅರ್ಧ ನಿಮಿಷದ ಕೆಲಸ. ತಟ್ಟಿದ್ರೆ ಅಪನಂಬಿಕೆ ಆಗ್ತದೆ ಅಂತ ನಾನು ತಟ್ಟಲಿಲ್ಲ, ಯಾರಿಗೂ ತಟ್ಲಿಕ್ಕೆ ಬಿಡ್ಲೂ ಇಲ್ಲ.

ಮರುದಿನ ಭಾನುವಾರ. ಆಗ ಇಲ್ಲಿ ಕನ್ನಡದ ಕ್ರೈಸ್ತ ಕುಟುಂಬ ಅಂದ್ರೆ ಹದಿನೈದೋ ಹದಿನಾರೋ. ರೈಲ್ವೆಯವರು, ಸರ್ಕಾರಿ ಆಫೀಸಿನವರು. ಬಂಗಾಳಿಯವರ ಆರಾಧನೆ ಮುಗಿದ ಮೇಲೆ ಅದೇ ದೇವಾಲಯದಲ್ಲಿ ಸಂಜೆ ನಾಲ್ಕು ಗಂಟೆಗೆ ನಮ್ಮದು. ಅಯ್ಯನವರು ಪ್ರಸಂಗ ಮಾಡ್ತಿದ್ರು. ಅಯ್ಯನವರು ಅಂತ ನಾವು ಕರೆಯುದು, ನಿಜವಾಗಿ ಅವ್ರು ಪೂರ್ತಿ ಪಾದ್ರಿ ಅಲ್ಲ, ರೈಲ್ವೆಯಲ್ಲಿ ಗುಮಾಸ್ತ, ಭಾನುವಾರ ಬೋಧಕ. ಸಾಕ್ಷಿಯ ಹೊತ್ತಿಗೆ ನಾನು ಎದ್ದು ನಿಂತೆ. "ನನ್ನ ಮಗಳಿಗೆ ದೇವರು ಪುನಃ ಕಿವಿ ಕೊಟ್ಟಿದ್ದಾನೆ" ಅಂದೆ. ಸಭೆಯಲ್ಲಿ ಒಂದು ಉಸಿರು ಎಳೆದ ಸದ್ದು, ಆಮೇಲೆ "ಸ್ತೋತ್ರ, ಸ್ತೋತ್ರ" ಅಂತ ಎಲ್ಲರೂ. ಎಷ್ಟೋ ಜನ ಅತ್ರು. ಸಲೋಮಿಯಮ್ಮ ಅಂತ ಒಬ್ಬರು, ಸಭೆಗೆ ಎಲ್ಲರಿಗಿಂತ ಹಿರಿಯರು, ಮಂಗಳೂರಿನಲ್ಲಿ ಟೀಚರ್ ಆಗಿದ್ದವರು, ಬಂದು ನನ್ನ ಎರಡೂ ಕೈ ಹಿಡ್ಕೊಂಡು, "ದಾವೀದ, ಈವತ್ತೇ ಊರಿಗೆ ಕಾಗದ ಬರೀತೇನೆ ಮಗಾ, ಎಲ್ಲರಿಗೂ ತಿಳೀಲಿ" ಅಂದ್ರು. ದಾವೀದ ನನ್ನ ಹೆಸರು, ಅದನ್ನು ಮೊದ್ಲೇ ಹೇಳ್ಬೇಕಿತ್ತು. ಯಾರೋ ಸಂದೇಶ್, ಅಂದ್ರೆ ಬಂಗಾಳಿ ಮಿಠಾಯಿ, ತಂದು ಎಲ್ಲರಿಗೂ ಹಂಚಿದ್ರು. ಶಾಲಿನಿ ಎರಡು ತಿಂದಳು, ಎಲ್ಲರೂ ಯಾಕೆ ತನ್ನ ತಲೆ ಸವರ್ತಾರೆ ಅಂತ ಗೊತ್ತಾಗದೆ ನನ್ನ ಕಾಲಿಗೆ ಅಂಟಿಕೊಂಡಳು. ಸುಗುಣ ಮಾತ್ರ ತಲೆ ಬಗ್ಗಿಸಿ ಚಪ್ಪಲಿ ನೋಡ್ತಾ ನಿಂತಿದ್ದಳು.

ಆಮೇಲೆ ಮೂರು ವಾರ. ಮಗು ಹೇಗಿತ್ತೋ ಹಾಗೇ ಉಂಟು. ಕರೆದ್ರೆ ತಿರುಗುದಿಲ್ಲ. ನಾನು ಒಳಗೊಳಗೇ, "ಮೆಲ್ಲ ಮೆಲ್ಲ ಸರಿ ಆಗ್ತಾ ಉಂಟು, ಆಟದಲ್ಲಿ ಇದ್ದಾಳೆ ಅದಕ್ಕೆ ತಿರುಗ್ಲಿಲ್ಲ" ಅಂತ ಸಮಾಧಾನ ಮಾಡ್ಕೊಳ್ಳುದು. ಪೂಜೆ ಮುಗಿಯಿತು, ಶಾಲೆಯ ಸೋಮವಾರ ಬರ್ಲಿಕ್ಕೆ ಇನ್ನು ಆರು ದಿನ ಉಂಟು ಅನ್ನುವಾಗ ಸುಗುಣ ಚೀಟಿ ತೆಗೆದು ನನ್ನ ಎದುರಿಗೆ ಇಟ್ಟಳು.

"ಸೋಮವಾರ ರಜೆ ಹಾಕಿ."

"ಎಂತಕ್ಕೆ? ಕೇಳುವ ಮಗುವನ್ನು ಕಿವುಡರ ಶಾಲೆಗೆ ಹಾಕಿದ್ರೆ ನೋಡಿದವರು ಎಂತ ಹೇಳ್ಬಹುದು?"

ಅವಳು ಅಡಿಗೆಮನೆಗೆ ಹೋಗಿ ಸ್ಟೀಲಿನ ದೊಡ್ಡ ಹರಿವಾಣ ತಂದಳು, ಮಂಚದ ಮೇಲೆ ಗೊಂಬೆ ಆಡ್ತಾ ಇದ್ದ ಮಗುವಿನ ಬೆನ್ನ ಹಿಂದೆ ನಿಂತು ನೆಲಕ್ಕೆ ಬಿಟ್ಟಳು. ಡಣಾರ್ ಅಂತ. ಪಕ್ಕದ ಮನೆಯ ನಾಯಿ ಬೊಗಳಿತು. ಮಗು ಗೊಂಬೆಯ ಕೂದಲು ಬಾಚ್ತಾ ಇತ್ತು, ಹಾಗೇ ಬಾಚ್ತಾ ಇತ್ತು.

ನನಗೆ ಸಿಟ್ಟು ಬಂತು. ದೇವರ ಮೇಲಲ್ಲ, ಸುಗುಣನ ಮೇಲೆ. "ನಿನಗೆ ನಂಬಿಕೆ ಇಲ್ಲ, ಅದಕ್ಕೇ ಮಗುವಿಗೆ ಪೂರ್ತಿ ಗುಣ ಆಗ್ಲಿಲ್ಲ" ಅಂತ ಹೇಳಿಬಿಟ್ಟೆ. ಈ ಮಾತು ಹೇಳಿದ್ದಕ್ಕೆ ನಾನು ಆಮೇಲೆ ಎಷ್ಟೋ ಸಲ ಅವಳ ಹತ್ರ ಕ್ಷಮೆ ಕೇಳಿದ್ದೇನೆ, ಅವಳು ಈಗ್ಲೂ ಬೇಕಾದಾಗ ಅದನ್ನು ಹೊರಗೆ ತೆಗೀತಾಳೆ, ಮೊನ್ನೆ ಮೀನು ಸರಿ ತರ್ಲಿಲ್ಲ ಅಂತ ತೆಗೆದಳು. ಆದ್ರೆ ಆವತ್ತು ಅವಳು ಕೂಗ್ಲಿಲ್ಲ. ಹರಿವಾಣ ಎತ್ತಿ ಸೆರಗಲ್ಲಿ ಒರೆಸ್ತಾ ಹೇಳಿದ್ದು ಇಷ್ಟು. "ನಾನೂ ಪ್ರಾರ್ಥನೆ ಮಾಡ್ತೇನೆ. ನಿಮಗಿಂತ ಹೆಚ್ಚು ಮಾಡ್ತೇನೆ, ನಾನು ಇಡೀ ದಿನ ಅವಳ ಮುಖ ನೋಡುವವಳು. ಈಗ ನಿಮಗಿರುವ ಹೆದರಿಕೆ ದೇವರದ್ದಲ್ಲ. ಸಭೆಯದ್ದು. ಆವತ್ತು ಹೇಳಿಬಿಟ್ರಲ್ಲ, ಅದ್ರದ್ದು. ನಿಮ್ಮ ಒಂದು ಮಾತು ಉಳಿಸ್ಲಿಕ್ಕೆ ಅವಳ ಎಲ್ಲ ಮಾತೂ ಹೋಗ್ಬೇಕಾ?"

ರೀನಾ ಈಗ ಕೇಳ್ತಾಳೆ, "ಅಜ್ಜಿ ಹಾಗೆ ಹೇಳಿದ್ಲಾ? ವಾವ್." ಹೌದು, ವಾವ್. ನನಗೆ ಆವತ್ತು ವಾವ್ ಅನ್ನಿಸ್ಲಿಲ್ಲ. ಕೋಪ ಮಾಡ್ಕೊಂಡು ಊಟ ಬಿಟ್ಟು ಡ್ಯೂಟಿಗೆ ಹೋದೆ.

ಚಹಾ ಹೊತ್ತಿನಲ್ಲಿ ಕೆಳಗೆ ಇಳಿದೆ. ಇಸ್ಮಾಯಿಲ್ ಭಾಯಿ ಮಣ್ಣಿನ ಕುಡಿಕೆಯಲ್ಲಿ ಎರಡು ಚಹಾ ಹಿಡ್ಕೊಂಡು ನಿಂತಿದ್ದ. ನನ್ನ ಮುಖ ನೋಡಿದವನೇ, "ಎಂತ ಭಾಯಿ, ಹಡಗು ಮುಳುಗಿತಾ?" ಅಂದ. ಅವ ಹಿಂದಿಯಲ್ಲಿ ಹೇಳಿದ್ದು, ನಾನು ನಮ್ಮ ಭಾಷೆಯಲ್ಲಿ ಹೇಳ್ತೇನೆ. ನಾನು ಎಲ್ಲಾ ಹೇಳಿದೆ. ಸಾಕ್ಷಿಯ ವಿಷಯ ಅವನಿಗೆ ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ, ಮಗುವಿನ ಮಾತು ಉದುರುವ ವಿಷಯ ಅರ್ಥ ಆಯ್ತು. ಅವ ಕುಡಿಕೆಯ ಚಹಾ ಮುಗಿಸಿದ. ಆಮೇಲೆ ನಕ್ಕ. "ನೀನು ಮೇಲೆ ಕೂತಿರುವಾಗ ಹನ್ನೊಂದು ವರ್ಷದಲ್ಲಿ ಒಂದು ದಿನವಾದ್ರೂ ನನ್ನ ಸ್ವರ ಕೇಳಿದ್ದೀಯಾ? ನನ್ನ ಬೆರಳು ನೋಡಿ ನೀನು ಟನ್ನುಗಟ್ಟಲೆ ಭಾರವನ್ನು ಕೂಲಿಗಳ ತಲೆ ಮೇಲಿಂದ ದಾಟಿಸ್ತೀಯ. ಒಬ್ಬನಿಗೂ ಇಷ್ಟರ ತನಕ ಪೆಟ್ಟಾಗ್ಲಿಲ್ಲ. ಅಷ್ಟು ಮಾತು ನಮಗೆ ಕೈಯಲ್ಲಿ ಬರ್ತದೆ. ನಿನ್ನ ಮಗಳಿಗೆ ಅದ್ರಲ್ಲಿ ಒಂದಾದ್ರೂ ಕಲಿಸಿದ್ದೀಯಾ?"

ಇಲ್ಲ. ಕಲಿಸ್ಲಿಲ್ಲ. ನನಗೆ ಹೊಳೆಯಲೇ ಇಲ್ಲ ಅಂತ ಮೊದ್ಲೇ ಹೇಳಿದೆನಲ್ಲ.

ಆವತ್ತು ಡ್ಯೂಟಿ ಮುಗಿಸಿ, ಸಂಜೆ ಬೆಳಕಿರುವಾಗ್ಲೇ ಅವ ನನ್ನ ಜೊತೆ ಮನೆಗೆ ಬಂದ. ಕಾಗದದ ಪೊಟ್ಟಣದಲ್ಲಿ ಮುರಿ ತಂದಿದ್ದ, ಮುರಿ ಅಂದ್ರೆ ನಮ್ಮ ಮಂಡಕ್ಕಿ. ಶಾಲಿನಿಯ ಎದುರು ನೆಲದ ಮೇಲೆ ಕೂತ. ಒಂದು ಮಾತಾಡ್ಲಿಲ್ಲ. ಬೆರಳು ಮೇಲೆ ಮಾಡಿ ತಿರುಗಿಸಿದ, ನನ್ನ ಕಡೆ ನೋಡಿದ. ನಾನು ಎದ್ದು ನಿಂತೆ. ಬೆರಳು ಕೆಳಗೆ ಮಾಡಿದ, ನಾನು ಕೂತೆ. ಪುನಃ ಮೇಲೆ, ಎದ್ದೆ. ನಡುವಲ್ಲಿ ಅಂಗೈ ಅಡ್ಡ ಹಿಡಿದ, ನಾನು ಅರ್ಧ ಬಗ್ಗಿ ಹಾಗೇ ನಿಂತೆ, ಸೊಂಟ ಹಿಡಿದುಹೋಯ್ತು. ಮಗು ನನ್ನನ್ನು ನೋಡಿತು, ಅವನ ಬೆರಳು ನೋಡಿತು. ಆಮೇಲೆ ತನ್ನ ಆ ಸಣ್ಣ ಬೆರಳನ್ನು ಮೇಲೆ ಮಾಡಿ ತಿರುಗಿಸಿತು. ನಾನು ಎದ್ದೆ! ಕೆಳಗೆ ಮಾಡಿತು, ಕೂತೆ. ಆಸ್ಪತ್ರೆಯಿಂದ ಬಂದ ಮೇಲೆ ಆ ಮಗು ಹಾಗೆ ಗಟ್ಟಿ ನಕ್ಕದ್ದು ಅದೇ ಮೊದಲು. ಇಪ್ಪತ್ತು ಸಲ ಏಳಿಸಿತು ಕೂರಿಸಿತು ನನ್ನನ್ನು. ಸುಗುಣ ಬಾಗಿಲಲ್ಲಿ ನಿಂತು ನಗ್ತಾ ಅಳ್ತಾ, "ಇನ್ನೂ ಎಬ್ಬಿಸು ಮಗಾ, ಚೆನ್ನಾಗಿ ಎಬ್ಬಿಸು ಅವ್ರನ್ನು" ಅಂತ.

ಆಗ್ಲೇ ಹೊರಗೆ ಹಡಗಿನ ಹಾರ್ನ್ ಆಯ್ತು. ಮಗು ಆಗ ಕೋಣೆಯ ನಡುವೆ ನಿಂತಿತ್ತು. ತಿರುಗಲೇ ಇಲ್ಲ. ನಾನು ನೋಡಿದೆ. ಸುಗುಣನೂ ನೋಡಿದಳು. ಆಮೇಲೆ ಮಗು ಆಟ ಸಾಕಾಗಿ ಮಂಚ ಹತ್ತಿ ಕಿಟಕಿಯ ಸರಳಿಗೆ ಕೈ ಇಟ್ಟಿತು, ಹಾರ್ನ್ ಎರಡನೇ ಸಲ ಆಯ್ತು, ಮುಖ ಅರಳಿತು. ಓಡಿ ಬಂದು ನನ್ನ ಕೈ ಹಿಡಿದು ಎಳ್ಕೊಂಡು ಹೋಗಿ, ನನ್ನ ಅಂಗೈಯನ್ನು ಆ ಸರಳಿನ ಮೇಲೆ ಇಟ್ಟು ತನ್ನ ಕೈಯನ್ನು ಅದ್ರ ಮೇಲೆ ಒತ್ತಿ ಹಿಡಿದು, "ಪಪ್ಪಾ, ಹಡಗು ಇಲ್ಲಿ ಉಂಟು. ಇಲ್ಲಿ" ಅಂತ ಹೇಳಿತು.

ಸರಳು ಜುಮ್ ಅಂತ ನಡುಗ್ತಾ ಇತ್ತು. ಅಷ್ಟೇ. ನಾನು ನೋಡಿದ ಅದ್ಭುತ ಅಷ್ಟೇ. ಅವಳಿಗೆ ಕೇಳಿದ್ದಲ್ಲ, ಕೈಗೆ ತಾಗಿದ್ದು. ಮಗು ಆವತ್ತಿನಿಂದ ತನಗೆ ಗೊತ್ತಿದ್ದ ಸತ್ಯವನ್ನು ಇಟ್ಕೊಂಡು ಕೂತಿತ್ತು, ನಾನು ಕೇಳ್ಲೇ ಇಲ್ಲ. ಇಸ್ಮಾಯಿಲ್ ಭಾಯಿ ಎದ್ದು, ಮುರಿಯ ಪೊಟ್ಟಣವನ್ನು ಮಂಚದ ಮೇಲಿಟ್ಟು, ನನ್ನ ಹೆಗಲು ಒಮ್ಮೆ ಮುಟ್ಟಿ ಹೊರಟುಹೋದ.

ಈಗ ಶಾಲೆಗೆ ಸೇರಿಸುದು ಅಂತ ಆಯ್ತು. ಆದ್ರೆ ನನ್ನ ಬುದ್ಧಿ ನೋಡಿ, ಇನ್ನೂ ಅಂಕುಡೊಂಕು. "ಸುಗುಣಾ, ಸೇರಿಸುವಾ, ಆದ್ರೆ ಸಭೆಯವರಿಗೆ ಹೇಳುದು ಬೇಡ. ಯಾವ ಶಾಲೆ ಅಂತ ಯಾರು ಕೇಳ್ತಾರೆ?" ಅಂದೆ. ಅವಳು ನನ್ನನ್ನು ನೋಡಿದ ನೋಟ ಈಗ್ಲೂ ನೆನಪುಂಟು. "ಅಡಗಿಸಿ ಸಾಗಿಸ್ಲಿಕ್ಕೆ ಅವಳೇನು ನಿಮ್ಮ ಡಾಕಿನ ಕಳ್ಳ ಮಾಲಾ? ಭಾನುವಾರ ಸಭೆಯಲ್ಲಿ ಎಲ್ಲರೂ ಅವಳ ಹತ್ರ ಮಾತಾಡ್ತಾರೆ, ಅವಳು ಉತ್ತರ ಕೊಡುದಿಲ್ಲ, ಮಗುವಿಗೆ ಅಹಂಕಾರ ಅಂತ ಸಲೋಮಿಯಮ್ಮ ಹೇಳಿ ಆಯ್ತು. ನೀವು ಎದ್ದು ಹೇಳದಿದ್ರೆ ನಾನು ಎದ್ದು ಹೇಳ್ತೇನೆ." ಆ ಕಾಲದಲ್ಲಿ ಹೆಂಗಸರು ಎದ್ದು ಗಂಡನ ಮಾತು ಸುಳ್ಳು ಅಂತ ಹೇಳುದು ಅಂದ್ರೆ, ನಿಮಗೆ ಗೊತ್ತಾಗುದಿಲ್ಲ ಅದು. ಅವಳು ಹೇಳುವವಳೇ.

ಶಾಲೆಯ ಸೋಮವಾರದ ಹಿಂದಿನ ಭಾನುವಾರ. ಅಯ್ಯನವರು "ಯಾರಿಗಾದ್ರೂ ಸಾಕ್ಷಿ ಉಂಟಾ?" ಅಂದ್ರು. ನಾನು ಎದ್ದೆ. ಎಲ್ಲರ ಮುಖದಲ್ಲೂ ಆಗ್ಲೇ ನಗು, ಇನ್ನೊಂದು ಉಪಕಾರ ಆಗಿರ್ಬೇಕು ಅಂತ. ಹೇಳುದನ್ನು ಬರೆದಿಟ್ಟಿದ್ದೆ, ಚೀಟಿ ಕಿಸೆಯಲ್ಲಿ ಇತ್ತು, ಕೈ ಹೋಗ್ಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಆವತ್ತು ನಾನು ಹೇಳಿದ್ದು ತಪ್ಪು. ನಾನು ನೋಡಿದ್ದು ಇಷ್ಟೇ, ಹಡಗು ಕೂಗುವಾಗ ಮಗು ತಿರುಗಿ ನಕ್ಕದ್ದು. ಉಳಿದದ್ದು ನಾನು ಸೇರಿಸಿದ್ದು, ದೇವರ ಹೆಸರಲ್ಲಿ. ಮಗುವಿಗೆ ಕೇಳುದಿಲ್ಲ. ನಾಳೆ ಅವಳನ್ನು ಕಿವುಡ ಮಕ್ಕಳ ಶಾಲೆಗೆ ಸೇರಿಸ್ತೇವೆ. ನನ್ನನ್ನು ಕ್ಷಮಿಸಿ." ಕೂತೆ.

ಮೇಲೆ ಫ್ಯಾನು ಕಟಕಟ ಅಂತ. ನನಗೆ ನೆಲ ಬಾಯಿ ಬಿಟ್ಟು ನುಂಗಿದ್ರೆ ಸಾಕಿತ್ತು. ಆಗ ಸಲೋಮಿಯಮ್ಮನ ಸ್ವರ, "ಅಯ್ಯೋ ದೇವ್ರೇ, ಹಾಗಾದ್ರೆ ನಾನು ಊರಿಗೆ ಏಳು ಕಾಗದ ಬರೆದದ್ದು ಎಂತ ಮಾಡುದು?"

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅಯ್ಯನವರು ಕನ್ನಡಕ ತೆಗೆದು ಒರೆಸ್ತಾ, "ಇನ್ನೂ ಏಳು ಬರೀರಿ ಸಲೋಮಿಯಮ್ಮಾ, ಇದನ್ನೂ ಬರೀರಿ" ಅಂದ್ರು. ಆಮೇಲೆ ತನ್ನ ಪ್ರಸಂಗದ ಕಾಗದ ಮಡಚಿ ಇಟ್ರು, ಈವತ್ತು ಪ್ರಸಂಗ ಬೇಡ, ಪ್ರಾರ್ಥನೆ ಮಾಡುವಾ ಅಂದ್ರು. ನನ್ನನ್ನು ಹೊಗಳ್ಲಿಲ್ಲ, ಬೈಯಲೂ ಇಲ್ಲ. ಕೆಲವರು ಆಮೇಲೆ ತುಂಬಾ ದಿನ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ, ಅದನ್ನೂ ಹೇಳ್ಬೇಕು. ಸಲೋಮಿಯಮ್ಮ ಬಾಗಿಲ ಹತ್ರ ಶಾಲಿನಿಯ ಎದುರು ಕಷ್ಟಪಟ್ಟು ಮೊಣಕಾಲೂರಿ, ಮುಖಕ್ಕೆ ಮುಖ ಮಾಡಿ, ತುಟಿ ದೊಡ್ಡದು ಮಾಡಿ, "ನಾ-ನು ನಿ-ನ್ನ ಅ-ಜ್ಜಿ" ಅಂದ್ರು. ಮಗು ಅವ್ರ ತುಟಿ ನೋಡಿ, "ಅಜ್ಜಿ" ಅಂದಿತು. ಆ ಮಾತು ಇನ್ನೂ ಉದುರಿರ್ಲಿಲ್ಲ.

ಸೋಮವಾರ ಟ್ರಾಮಿನಲ್ಲಿ ಹೋದ್ವಿ, ಮೂರು ಜನ. ಶಾಲೆಯ ಅಂಗಳದಲ್ಲಿ ಮಕ್ಕಳು ಒಬ್ಬರಿಗೊಬ್ಬರು ಕೈಯಲ್ಲಿ ಮಾತಾಡ್ತಾ ಇದ್ರು, ಜಗಳ ಆಡ್ತಾ ಇದ್ರು, ಟೀಚರ್ ತಿರುಗಿದ ಕೂಡ್ಲೇ ಚಾಡಿ ಹೇಳ್ತಾ ಇದ್ರು, ಎಲ್ಲಾ ಕೈಯಲ್ಲೇ. ಶಾಲಿನಿ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟು ನೋಡಿದಳು. ಇಲ್ಲಿ ಯಾರೂ ಗುಟ್ಟು ಮಾತಾಡುದಿಲ್ಲ ಅಂತ ಅವಳಿಗೆ ಗೊತ್ತಾಯ್ತು ಅಂತ ನನಗೆ ಅನ್ನಿಸಿತು, ಅನ್ನಿಸಿತು ಅಂತ ಮಾತ್ರ ಹೇಳ್ತೇನೆ, ಯಾಕಂದ್ರೆ ಅವಳು ಹಾಗೆ ಹೇಳ್ಲಿಲ್ಲ. ನನ್ನ ಕೈ ಬಿಟ್ಟು ಒಳಗೆ ಓಡಿದಳು, ಅದು ನಾನು ನೋಡಿದ್ದು.

"ಹಾಗಾದ್ರೆ ಅಜ್ಜಾ, ಗಾಡ್ ಏನೂ ಮಾಡ್ಲಿಲ್ಲ ಅಲ್ವಾ?" ಅಂತ ರೀನಾ ಬಿಡುದಿಲ್ಲ. ಹೇಗೆ ಹೇಳುದು ಇದನ್ನು. ನಾನು ಕೇಳಿದ್ದು ಕಿವಿ. ಕಿವಿ ಕೊಡ್ಲಿಲ್ಲ. ಯಾಕೆ ಕೊಡ್ಲಿಲ್ಲ ಅಂತ ನನಗೆ ಗೊತ್ತಿಲ್ಲ, ಗೊತ್ತುಂಟು ಅಂತ ಹೇಳಿದ್ರೆ ಅದು ಇನ್ನೊಂದು ಸುಳ್ಳು ಸಾಕ್ಷಿ ಆಗ್ತದೆ. ಆದ್ರೆ ನಾನು ಆ ಭಾನುವಾರ ಎದ್ದು ನಿಂತಾಗ ನನ್ನ ಪಕ್ಕದಲ್ಲಿ ಯಾರೋ ನಿಂತ ಹಾಗೆ ಇತ್ತು, ಅದನ್ನು ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ, ನಿಮಗೇ ಮೊದ್ಲು ಹೇಳುದು. ಈಗ ನಾನು ಕಿವಿಗೋಸ್ಕರ ಪ್ರಾರ್ಥನೆ ಮಾಡುದಿಲ್ಲ. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ಆ ದೊಡ್ಡ ರಸ್ತೆ ದಾಟುವ ತನಕ ಇಲ್ಲೇ ವೆರಾಂಡದಲ್ಲಿ ನಿಂತು ಪ್ರಾರ್ಥನೆ ಮಾಡ್ತೇನೆ, ಹಿಂದಿನಿಂದ ಬರುವ ಬಸ್ಸಿನ ಹಾರ್ನ್ ಅವಳಿಗೆ ಕೇಳುದಿಲ್ಲ ಅಲ್ವಾ, ಅದಕ್ಕೆ. ದಾಟಿ ಆ ಕಡೆ ಮುಟ್ಟಿ ತಿರುಗಿ ಕೈ ಎತ್ತುತ್ತಾಳೆ. ಆಗ ಆಮೆನ್ ಅನ್ನುದು. ನನ್ನದು ಅಷ್ಟೇ ದೊಡ್ಡ ವಿಶ್ವಾಸ, ಒಂದು ರಸ್ತೆಯಷ್ಟು.

ಹಾಗಾಗಿ ಮಕ್ಕಳೇ, ನಾನು ಹೇಳುದು ಎಂತದು ಅಂದ್ರೆ, ಅನ್ನ ಬೇಯುವ ಮೊದ್ಲು ಎಲೆ ಹಾಕಿ ಊರನ್ನು ಊಟಕ್ಕೆ ಕರೀಬಾರ್ದು. ಇದು ಅಡಿಗೆಯ ವಿಷಯ ಅಲ್ಲ, ವಿವರಿಸಿ ಹೇಳ್ತೇನೆ, ಅನ್ನ ಅಂದ್ರೆ ಇಲ್ಲಿ ದೇವರು ಮಾಡುವ ಕೆಲಸ, ಎಲೆ ಅಂದ್ರೆ ನಮ್ಮ ಬಾಯಿ, ಅಲ್ಲ, ಬಾಯಿ ಅಲ್ಲ, ಎಲೆ ಅಂದ್ರೆ...

"ಪಪ್ಪಾ! ಊಟ!" ಅಗೋ, ಶಾಲಿನಿ ಒಳಗಿಂದ ಕರೆದಳು. ಇಡೀ ಬಿಲ್ಡಿಂಗಿಗೆ ಕೇಳ್ತದೆ ಅವಳ ಸ್ವರ, ತನಗೆ ಕೇಳುದಿಲ್ಲ ಅಲ್ವಾ, ಎಷ್ಟು ಗಟ್ಟಿ ಅಂತ ಗೊತ್ತಾಗುದಿಲ್ಲ. ಬರೀಲಿಕ್ಕೆ ಇನ್ನೂ ಉಂಟು, ಆದ್ರೆ ಈಗ ಏಳ್ಬೇಕು. ಬಂದೆ ಅಂತ ಕೂತಲ್ಲಿಂದ ಕೂಗಿದ್ರೆ ಅವಳ ಹತ್ರ ನಡೆಯುದಿಲ್ಲ, ಎದ್ದು ಹೋಗಿ ಅವಳ ಎದುರಿಗೆ ನಿಲ್ಬೇಕು, ಆಗ್ಲೇ ಬಂದ ಹಾಗೆ ಲೆಕ್ಕ, ಅದು ಯಾಕೆ ಅಂದ್ರೆ...